ಫ್ರಿಜ್ಜಿನಲ್ಲಿಡುವ ಬೀಗದ ಕೈ

"ದೊಡ್ಡಮ್ಮ, ಅಕ್ಕನ ಕತೆ ಕಳುವಾಗಿದೆ!"

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವಳು ಕೆಳಗಿನ ಮಹಡಿಯ ಸ್ಟುಡಿಯೋದ ಮ್ಯಾನೇಜರ್. ಅಲ್ಲಿಂದ ವಾರಕ್ಕೊಮ್ಮೆ 'ದೊಡ್ಡವರಿಗೂ ಒಂದು ಕತೆ' ಎಂಬ ಪಾಡ್‌ಕಾಸ್ಟ್ ಹೊರಡುತ್ತದೆ. ಮಕ್ಕಳಿಗೆ ಕತೆ ಹೇಳುವವರು ಬೇಕಾದಷ್ಟಿದ್ದಾರೆ, ದುಡಿದು ಸುಸ್ತಾದ ದೊಡ್ಡವರಿಗೆ ಯಾರಿದ್ದಾರೆ ಎಂದು ಶುರುವಾದದ್ದು. ಒಂಬತ್ತು ವರ್ಷದಿಂದ ಅಲ್ಲಿ ಮುಖ್ಯವಾಗಿ ಓದುತ್ತಿದ್ದವರನ್ನು ಕೇಳುಗರೆಲ್ಲ 'ಅಕ್ಕ' ಎಂದೇ ಕರೆಯುತ್ತಾರೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜನರ ಕಿವಿ ಪರೀಕ್ಷೆ ಮಾಡಿ ನಿವೃತ್ತರಾದವರು. ನಮ್ಮ ಕಟ್ಟಡದಲ್ಲಿ ಛತ್ರಿ ಕಳೆದರೂ, ಬೆಕ್ಕು ಕಳೆದರೂ ಜನ ಮೊದಲು ಬರುವುದು ಅವರ ಹತ್ತಿರವೇ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಅವರ ಜೊತೆಗೇ ಇದ್ದೇನೆ. ತರ್ಕದಲ್ಲಿ ನಾನೇ ಮುಂದು ಎಂಬ ಭ್ರಮೆ ನನಗೆ ಆಗಾಗ ಬರುತ್ತದೆ.

"ನಾಳೆ ಬೆಳಿಗ್ಗೆ ಅಕ್ಕನ ಗಂಟಲಿನ ಆಪರೇಷನ್," ಎಂದಳು ಮ್ಯಾನೇಜರ್. "ಆಮೇಲೆ ಈ ದನಿ ಇರಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ನಿನ್ನೆ ಮಧ್ಯಾಹ್ನ ಓದಿದ್ದೇ ಕೊನೇ ಕತೆ. ಈಗ ನೋಡಿದ್ರೆ ರೆಕಾರ್ಡರ್‌ನಲ್ಲಿ ಮೆಮೊರಿ ಕಾರ್ಡೇ ಇಲ್ಲ!"

"ಕಾಪಿ?"

"ಎಡಿಟರ್ ಇವತ್ತು ಬಂದು ಮಾಡ್ತೀನಿ ಅಂದಿದ್ರು."

"ಕೀ ಯಾರ್ಯಾರ ಹತ್ರ ಇದೆ?"

"ನಾಲ್ಕೇ ಜನ. ನಾನು, ಎಡಿಟರ್, ಅಕ್ಕ, ಉದ್ದಣ್ಣ."

ಉದ್ದಣ್ಣ ಅಲ್ಲಿಯ ಎರಡನೇ ಓದುಗ. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದ ಮನುಷ್ಯ. ಮುಂದಿನ ವಾರದಿಂದ ಪಾಡ್‌ಕಾಸ್ಟ್ ಪೂರ್ತಿ ಅವನ ಪಾಲಿಗೆ ಬರುವುದಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅವನಿಗೆ ಶಿಕ್ಷೆ ವಿಧಿಸಿಯಾಗಿತ್ತು.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ದಪ್ಪ ರಜಾಯಿ ಹೊಡೆದ ಒಂದು ಕೋಣೆ, ಪಕ್ಕದಲ್ಲಿ ಪುಟ್ಟ ಅಡುಗೆಮನೆ. ಎಡಿಟರ್ ಮಂಡಿಯೂರಿ ಮೇಜಿನಡಿ ಹುಡುಕುತ್ತಿದ್ದರು. ಬೀಗ ಒಡೆದಿರಲಿಲ್ಲ. ದೊಡ್ಡಮ್ಮ ಓದುವ ಕುರ್ಚಿಯಲ್ಲಿ ಕೂತರು. ಮೈಕು ಸರಿಯಾಗಿ ಅವರ ಬಾಯಿಯ ಮುಂದಿತ್ತು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ನಿನ್ನೆ ಅಕ್ಕ ಎದ್ದಮೇಲೆ ನಾನು ಅದನ್ನ ಮೇಲಕ್ಕೆ ಮಡಚಿಟ್ಟಿದ್ದೆ," ಎಂದ ಎಡಿಟರ್ ತಾವೇ ತಬ್ಬಿಬ್ಬಾದರು. "ಅರೆ, ಹೌದಲ್ವಾ!"

"ಒಂದು ಲೋಟ ಟೀ ಸಿಗುತ್ತಾ?"

"ಹಾಲು ಒಡೆದುಹೋಗಿದೆ ದೊಡ್ಡಮ್ಮ," ಎಂದಳು ಮ್ಯಾನೇಜರ್. "ಬೆಳಿಗ್ಗೆ ಬಂದಾಗ ಫ್ರಿಜ್ ಸ್ವಿಚ್ ಆಫ್ ಆಗಿತ್ತು. ನಿನ್ನೆ ಹೋಗುವಾಗ ನಾನೇ ಆನ್ ಮಾಡಿದ್ದೆ, ಆಣೆ ಮಾಡಿ ಹೇಳ್ತೀನಿ."

ಫ್ರಿಜ್ಜಿನ ಗುಂಯ್‌ಗುಟ್ಟುವ ಸದ್ದು ಮೈಕಿಗೆ ಬೀಳುತ್ತದೆಂದು ಓದುವ ಮೊದಲು ಅದನ್ನು ಆಫ್ ಮಾಡುತ್ತಾರಂತೆ. ಮತ್ತೆ ಆನ್ ಮಾಡಲು ಮರೆಯಬಾರದಲ್ಲ? ಅದಕ್ಕೇ ಆಫ್ ಮಾಡಿದವರು ತಮ್ಮ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಡಬೇಕು. ಹೊರಡುವಾಗ ಬೀಗದ ಕೈಗಾಗಿ ಅದರ ಬಾಗಿಲು ತೆಗೆಯಲೇಬೇಕು, ಆಗ ನೆನಪಾಗುತ್ತದೆ.

"ಉದ್ದಣ್ಣ ಓದುವಾಗ ಇದನ್ನೆಲ್ಲ ಯಾರು ಮಾಡೋದು?"

"ಅವರು ಬೆಳಿಗ್ಗೆ ಒಬ್ಬರೇ ಬಂದು ನಿಂತುಕೊಂಡೇ ಓದಿ ಹೋಗ್ತಾರೆ. ಎಲ್ಲ ಅವರೇ. ಅಕ್ಕ ಬಂದ ದಿನ ನಾನು."

ದೊಡ್ಡಮ್ಮ ಹೂಂ ಎಂದರು. "ಹನ್ನೊಂದು ಗಂಟೆಗೆ ಎಲ್ಲರನ್ನೂ ಕರೀರಿ."

ಹನ್ನೊಂದಕ್ಕೆ ಆ ಪುಟ್ಟ ಕೋಣೆಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಅಕ್ಕ ಕತ್ತಿಗೆ ಶಾಲು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಮ್ಯಾನೇಜರ್ ಸೀದಾ ಉದ್ದಣ್ಣನ ಕಡೆ ತಿರುಗಿದಳು. "ದಯವಿಟ್ಟು ಕೊಟ್ಟುಬಿಡಿ. ಯಾರಿಗೂ ಹೇಳಲ್ಲ."

ಉದ್ದಣ್ಣನ ಮುಖ ಬಿಳಿಚಿಕೊಂಡಿತು. "ನನಗೆ ಓದೋದು ಕಲಿಸಿದ್ದೇ ಅಕ್ಕ. ಬೇಕಾದ್ರೆ ನನ್ನ ಮನೆ ಜಾಲಾಡಿ."

"ಯಾರ ಮನೇನೂ ಜಾಲಾಡೋದು ಬೇಡ," ಎಂದರು ದೊಡ್ಡಮ್ಮ. "ಕಾರ್ಡ್ ಕದಿಯೋಕೆ ಬಂದವರಿಗೆ ಫ್ರಿಜ್ಜಿನ ಉಸಾಬರಿ ಯಾಕೆ?"

"ಕರೆಂಟ್ ಹೋಗಿರಬಹುದಲ್ಲ?" ಎಂದೆ ನಾನು.

"ಕರೆಂಟ್ ಹೋದ್ರೆ ಸ್ವಿಚ್ ತಾನಾಗೇ ಆಫ್ ಆಗಲ್ಲ ಕಣೋ, ಮೇಷ್ಟ್ರೇ. ನಿನ್ನೆ ಬೀಗ ಹಾಕಿದ ಮೇಲೆ ಯಾರೋ ಬಂದು ಅದನ್ನ ಆಫ್ ಮಾಡಿದ್ದಾರೆ. ಅಂದ್ರೆ ಬಂದವರು ಕದಿಯೋಕಲ್ಲ, ಓದೋಕೆ ಬಂದಿದ್ದರು. ಮಡಚಿಟ್ಟ ಮೈಕು ಕೆಳಗೆ ಬಂದಿದ್ದೂ ಅದಕ್ಕೇ. ಇಲ್ಲಿ ಓದೋರು ಇಬ್ಬರೇ. ಉದ್ದಣ್ಣ ನಿಂತು ಓದ್ತಾರೆ, ಈ ಮೈಕು ಅವರ ಎದೆಗೂ ಬರಲ್ಲ. ಇನ್ನೊಂದು ಮಾತು. ಅವರು ಪ್ರತಿ ಸಲ ಕೀ ಫ್ರಿಜ್ಜಲ್ಲಿಟ್ಟು ಅಭ್ಯಾಸ ಇರೋರು. ಅವರಾಗಿದ್ರೆ ಆನ್ ಮಾಡದೆ ಹೊರಗೆ ಹೋಗೋಕೇ ಆಗ್ತಿರಲಿಲ್ಲ. ಆಫ್ ಮಾಡಬೇಕು ಅಂತ ಗೊತ್ತಿದ್ದು, ಕೀ ಇಡೋ ರೂಢಿ ಇಲ್ಲದವರು ಯಾರು? ಯಾರ ಪರವಾಗಿ ಯಾವಾಗ್ಲೂ ಬೇರೆಯವರೇ ಇಡ್ತಿದ್ರೋ ಅವರು." ಅವರು ಮೂಲೆಯತ್ತ ಮೆಲ್ಲಗೆ ತಿರುಗಿದರು. "ಸರೀನಾ ತಾಯಿ?"

ಅಕ್ಕ ಪರ್ಸು ತೆರೆದು ಉಗುರಿನಷ್ಟಗಲದ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಮನೆಗೆ ಹೋದಮೇಲೆ ಕೊನೇ ಪುಟ ಸಮಾಧಾನ ಆಗಲಿಲ್ಲ," ಎಂದರು. ದನಿ ಗರಗರ ಎನ್ನುತ್ತಿತ್ತು. "ಸಂಜೆ ಮತ್ತೆ ಬಂದೆ. ಮೂರು ಸಲ ಓದಿದೆ, ಮೂರು ಸಲಾನೂ ದನಿ ಬಿರುಕು ಬಿಡ್ತು. ಕೇಳಿದ್ರೆ, ಅದು ನಾನೇ ಅಲ್ಲ. ಜನ ಕೊನೇಗೆ ನೆನಪಿಟ್ಟುಕೊಳ್ಳೋದು ಇದನ್ನಾ ಅನ್ನಿಸಿ ಕಿತ್ತುಕೊಂಡು ಹೋದೆ. ಮುರಿಯೋಕೆ ಕೈ ಬರಲಿಲ್ಲ. ಬೆಳಿಗ್ಗೆ ಬಾಯಿ ಬಿಡೋಕೆ ನಾಚಿಕೆ ಆಯ್ತು. ಉದ್ದಣ್ಣ, ನಿನ್ನ ತಲೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ. ತಪ್ಪಾಯ್ತಪ್ಪ."

ಎಡಿಟರ್ ಯಾರನ್ನೂ ಕೇಳದೆ ಕಾರ್ಡು ಹಾಕಿದರು. ಕತೆಯಲ್ಲಿ ಮುದುಕಿಯೊಬ್ಬಳು ತನ್ನ ನಾಯಿಯನ್ನು ಬೇರೆಯವರಿಗೆ ಒಪ್ಪಿಸಿ, ಹೊಸ ಮನೆಯಲ್ಲಿ ಹೇಗಿರಬೇಕೆಂದು ಅದಕ್ಕೆ ಬುದ್ಧಿ ಹೇಳುತ್ತಾಳೆ. 'ಸೋಫಾ ಹತ್ತಬೇಡ' ಎನ್ನುವಲ್ಲಿ ದನಿ ಒಡೆಯಿತು. ಮ್ಯಾನೇಜರ್ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

"ಆ ಮುದುಕಿ ಹೀಗಲ್ದೆ ಇನ್ನು ಹೇಗೆ ಮಾತಾಡ್ತಾಳೆ ಅಕ್ಕ?" ಎಂದ ಉದ್ದಣ್ಣ.

"ಮೂವತ್ತು ವರ್ಷ ಕಿವಿ ನೋಡಿದ್ದೀನಿ," ಎಂದರು ದೊಡ್ಡಮ್ಮ. "ಕಿವಿ ಮಂದ ಆಗ್ತಿದ್ದವರು ಯಾರೂ ನನ್ನ ಹತ್ರ ಇಂಪಾದ ದನಿ ಬೇಕು ಅನ್ನಲಿಲ್ಲ. ಮನೆಯವರ ದನಿ ಕೇಳಿಸಿದ್ರೆ ಸಾಕು ಅಂದ್ರು."

ಅಕ್ಕ ಮೂಗು ಸೀಟಿದರು. "ಒಂದು ಸಾಲು ಬಿಟ್ಟಿದ್ದೀನಿ. ಒಂದೇ ಒಂದು ಸಲ ಓದಿಬಿಡ್ತೀನಿ."

ಉದ್ದಣ್ಣ ಆಗಲೇ ಅಡುಗೆಮನೆಯಲ್ಲಿದ್ದ. ಫ್ರಿಜ್ಜಿನ ಸದ್ದು ನಿಂತಿತು. ಅವನು ಜೇಬಿಗೆ ಕೈಹಾಕುವಷ್ಟರಲ್ಲಿ ಅಕ್ಕ ಎದ್ದು ಬಂದರು.

"ಈ ಸಲ ನಂದಿಡ್ತೀನಿ," ಎಂದು ತಮ್ಮ ಬೀಗದ ಕೈಯನ್ನು ಒಳಗಿಟ್ಟರು. "ಓದಿ ಆದಮೇಲೆ ಫ್ರಿಜ್ ನೀನು ಹಾಕು. ಕೀ ಅಲ್ಲೇ ಇರಲಿ. ಆಪರೇಷನ್ ಮುಗಿಸಿ ಬಂದು ತಗೋತೀನಿ."

ಇಪ್ಪತ್ತೆರಡು ದಿನ ಅದು ಹಾಲಿನ ಪ್ಯಾಕೆಟ್ಟಿನ ಪಕ್ಕದಲ್ಲೇ ಇತ್ತು. ಇಪ್ಪತ್ಮೂರನೆಯ ದಿನ ಅಕ್ಕ ಬಂದರು. ಏನೂ ಮಾತಾಡದೆ ಫ್ರಿಜ್ ತೆರೆದು, ತಣ್ಣಗಿದ್ದ ಬೀಗದ ಕೈಯನ್ನು ಕೆನ್ನೆಗೊತ್ತಿಕೊಂಡು ಪರ್ಸಿಗೆ ಹಾಕಿಕೊಂಡರು.