ಲೆಕ್ಕದಮ್ಮನ ಅರ್ಜಿ

ಅರ್ಜಿಯ ಮೇಲ್ತುದಿಗೆ ಅಂಟಿಸಿದ್ದ ಭಾವಚಿತ್ರ ಅವಳದೇ. ಹುಟ್ಟಿದ ದಿನಾಂಕವೂ ಅವಳದೇ. ಎಡಗಲ್ಲದ ಮಚ್ಚೆಯನ್ನು ಗುರುತಿನ ಚಿಹ್ನೆಯೆಂದು ಸರಿಯಾಗಿಯೇ ನಮೂದಿಸಲಾಗಿತ್ತು. ಆದರೆ ಅದರ ಕೆಳಗೆ, ‘ಲೈಸೆನ್ಸ್ ವರ್ಗ’ ಎಂಬ ಚೌಕದೊಳಗೆ, ಅವಳಿಗೆ ಪರಿಚಯವೇ ಇಲ್ಲದ ಹೆಂಗಸೊಬ್ಬಳು ಕುಳಿತಿದ್ದಳು: ಆರೈಕೆ ಸಹಾಯಕಿ.

"ಇದು ನನ್ನ ಅರ್ಜಿ ಅಲ್ಲ," ಎಂದಳು.

ಏಜೆನ್ಸಿಯ ಮೇಡಂ ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೋಡಿದರು. "ನಿಮ್ದೇ ಅಮ್ಮಾ. ಹೋದ ವಾರ ನಿಮ್ಮ ಜೊತೆ ಕೆಲಸ ಮಾಡೋರು ಬಂದು ತುಂಬ್ಸಿ ಹೋದ್ರಲ್ಲ. ಅವರದ್ದೂ ಇದೇ ವರ್ಗ. ಒಂದೇ ದೇಶ, ಒಂದೇ ಊರು, ಮೂರು ತಿಂಗಳಲ್ಲಿ ವಿಮಾನ. ನಿಮ್ಮ ಸಹಿ ಒಂದು ಬಾಕಿ."

"ಈ ಮಚ್ಚೆ ವಿಷಯಾನೂ ಅವ್ರೇ ಬರ್ದಿದ್ದಾ?"

"ಹೂಂ. ಎಡಗಲ್ಲ, ಕಿವಿಯಿಂದ ಎರಡು ಬೆರಳು ಈಚೆ ಅಂತ. ಅಳತೆ ಸಮೇತ."

ಮಚ್ಚೆ ಮಾಸ್ಕಿನ ಮರೆಯಲ್ಲಿರುವಂಥದ್ದು. ಆಪರೇಷನ್ ಥಿಯೇಟರಿನಲ್ಲಿ ಅವಳ ಮುಖದಲ್ಲಿ ಕಾಣುವುದು ಕಣ್ಣುಗಳು ಮಾತ್ರ. ಅಂದರೆ ಅರ್ಜಿ ತುಂಬಿದವನು ಅದನ್ನು ನೋಡಿದ್ದು ಚಹಾದ ಹತ್ತು ನಿಮಿಷಗಳ ಬಿಡುವಿನಲ್ಲಿ. ನೋಡಿದ್ದೂ ಅಲ್ಲ, ಅಳೆದದ್ದು. ಬೇರೆ ದಿನವಾಗಿದ್ದರೆ ಆ ಎರಡು ಬೆರಳಿನ ಅಳತೆಗಾಗಿ ಅವಳು ಒಂದು ವಾರ ಒಳಗೊಳಗೇ ನಗುತ್ತಿದ್ದಳು. ಇಂದು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಸಹಿ ಅಮ್ಮಾ?"

"ಬರೆದವರ ಹತ್ರಾನೇ ಹಾಕಿಸ್ಕೊಳ್ಳಿ."

ಅವಳು ಥಿಯೇಟರಿನ ನರ್ಸು. ಸರ್ಜನ್ನರ ಕೈಗೆ ಉಪಕರಣ ಕೊಡುವವಳು. ರೋಗಿಯ ಹೊಟ್ಟೆಯೊಳಗೆ ರಕ್ತ ಹೀರಲು ಇಡುವ ಬಿಳಿ ಬಟ್ಟೆಯ ತುಂಡುಗಳನ್ನು ಅಲ್ಲಿ ಮಾಪ್ ಎನ್ನುತ್ತಾರೆ. ಒಳಗೆ ಹೋದ ಮಾಪುಗಳೆಲ್ಲ ಹೊರಗೆ ಬಂದಿವೆಯೆಂದು ಗಟ್ಟಿಯಾಗಿ ಎಣಿಸಿ, ಲೆಕ್ಕ ಕೂಡಿದ ಮೇಲಷ್ಟೇ ಹೊಲಿಗೆಗೆ ಸೂಜಿ ಕೊಡುವುದು ಅವಳ ಅಧಿಕಾರ. ಎಂಟು ವರ್ಷಗಳಲ್ಲಿ ಒಮ್ಮೆಯೂ ತಪ್ಪದ ಆ ಎಣಿಕೆಗಾಗಿ ಎಲ್ಲರೂ ಅವಳನ್ನು ‘ಲೆಕ್ಕದಮ್ಮ’ ಎನ್ನುತ್ತಿದ್ದರು.

ಅವನು ಅರಿವಳಿಕೆ ಟೆಕ್ನಿಷಿಯನ್. ರೋಗಿಯ ತಲೆಯ ಬದಿ, ಉಸಿರಿನ ಯಂತ್ರದ ಹಿಂದೆ, ಅವನ ಸಾಮ್ರಾಜ್ಯ. ಅಡ್ಡಹೆಸರು ‘ಗ್ಯಾಸ್ ಸಾಹೇಬ’. ಇಬ್ಬರ ನಡುವೆ ಹಸಿರು ಬಟ್ಟೆಯ ಪರದೆಯೊಂದು ಎದ್ದಿರುತ್ತಿತ್ತು; ಐದು ವರ್ಷಗಳಿಂದ ಆ ಪರದೆಯ ಅಂಚಿನ ಮೇಲೆ ಎರಡು ಜೊತೆ ಕಣ್ಣುಗಳು ಮಾತಾಡಿಕೊಂಡಿದ್ದವು.

ಬಾಯಿಗಳು ಮಾತಾಡಿರಲಿಲ್ಲ. ಮನಸ್ಸು ಕೊಟ್ಟವಳನ್ನು ದಿನವಿಡೀ ‘ಸಿಸ್ಟರ್’ ಎಂದು ಕರೆಯಬೇಕಾದ ಗಂಡಸಿನ ಪಾಡು ಹಗೆಯವನಿಗೂ ಬೇಡ. ಥಿಯೇಟರಿನ ಬಾಗಿಲು ದಾಟಿದೊಡನೆ ಅವನು ಆ ಪದವನ್ನು ಒಳಗಿನ ಚಪ್ಪಲಿಗಳ ಜೊತೆಗೇ ಬಿಟ್ಟು ‘ಇವ್ರೇ’ ಎನ್ನುತ್ತಿದ್ದ. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ, "ಇವ್ರೇ, ಹೊರದೇಶಕ್ಕೆ ಹೋಗೋಣ್ವಾ?" ಎಂದಿದ್ದ. "ಹೋಗೋಣ," ಎಂದಿದ್ದಳು. ಯಾರು ಯಾರಿಗೆ ಏನಾಗಿ ಹೋಗುವುದೆಂದು ಇಬ್ಬರೂ ಕೇಳಿರಲಿಲ್ಲ. ಕಳೆದ ವಾರ ಅವನಿಗೆ ರಜೆಯಿದ್ದುದರಿಂದ, ತನ್ನ ಪ್ರಮಾಣಪತ್ರಗಳ ಫೈಲನ್ನು ಅವಳು ಅವನ ಕೈಗೇ ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಮೇಲೆ ಅವನನ್ನು ತಡೆದು, ಮಡಿಸಿದ ಅರ್ಜಿಯನ್ನು ಬಿಡಿಸಿ ಕಣ್ಣ ಮುಂದೆ ಹಿಡಿದಳು.

"ಯಾರಿವಳು?"

"ಚೆನ್ನಾಗಿದ್ದಾಳಲ್ಲ?"

"ನಗಬೇಡಿ."

ಅವನ ನಗು ಮೆಲ್ಲನೆ ಇಳಿಯಿತು. "ಆ ದೇಶದಲ್ಲಿ ನನ್ನ ಕೆಲಸಕ್ಕೆ ಲೈಸೆನ್ಸೇ ಇಲ್ಲ ಇವ್ರೇ. ಸಹಾಯಕ ಅಂತ ಹೋದ್ರೆ ಮಾತ್ರ ನನಗೆ ದಾರಿ. ನೀವು ನರ್ಸ್ ಅಂತ ಹಾಕಿದ್ರೆ ಎರಡು ಪರೀಕ್ಷೆ, ಒಂದೂವರೆ ವರ್ಷ, ಆಮೇಲೆ ಅವರು ಹೇಳಿದ ಊರು. ಇದಾದ್ರೆ ಇಬ್ರೂ ಒಟ್ಟಿಗೆ. ಅಲ್ಲಿಗೆ ಹೋದ್ಮೇಲೆ ನೀವು ನರ್ಸ್ ಪರೀಕ್ಷೆ ಬರ್ಕೊಂಡ್ರಾಯ್ತು."

"ಹಾಗಂತ ಯಾರು ಹೇಳಿದ್ರು?"

"ಏಜೆನ್ಸಿ ಮೇಡಂ."

"ನಾನು ಆ ದೇಶದ ನರ್ಸಿಂಗ್ ಮಂಡಳಿ ನಿಯಮಾನೇ ಓದ್ದೆ. ನಲವತ್ತು ಪುಟ. ಪರೀಕ್ಷೆಗೆ ಕೂರ್ಬೇಕಾದ್ರೆ ಹಿಂದಿನ ಮೂರು ವರ್ಷದೊಳಗೆ ನರ್ಸ್ ಆಗಿ ಕೆಲಸ ಮಾಡಿರ್ಬೇಕು. ಸಹಾಯಕಿಯಾಗಿ ಮಾಡಿದ್ದು ಅವರ ಲೆಕ್ಕಕ್ಕಿಲ್ಲ. ಒಪ್ಪಂದದ ನಡುವೆ ವರ್ಗ ಬದಲಾಯಿಸೋ ಹಾಗೂ ಇಲ್ಲ. ನೀವು ತುಂಬಿದ ಒಪ್ಪಂದ ಎಷ್ಟು ವರ್ಷದ್ದು?"

ಅವನು ಮೆಟ್ಟಿಲ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ. "ಮೂರು."

"ಹಾಗಾದ್ರೆ ಒಪ್ಪಂದ ಮುಗಿಯೋ ಹೊತ್ತಿಗೆ ನನ್ನೊಳಗಿನ ನರ್ಸು ತೀರ್ಕೊಂಡಿರ್ತಾಳೆ."

"ಸಹಾಯಕಿ ಕೆಲಸ ಅಷ್ಟೊಂದು ಕೀಳಾ?"

"ಯಾರಂದ್ರು ಕೀಳು ಅಂತ? ವಾರ್ಡಿನ ಆಯಾಗಳ ಕೈ ನಡೆದ್ರೇನೇ ನನ್ನ ಕೈ ನಡೆಯೋದು. ಆದ್ರೆ ಅದು ಅವರು ಕಲಿತ ಕೆಲಸ. ನಾನು ಕಲಿತಿರೋದು ಇದು."

"ಜೊತೆಗಿರೋಣ ಅಂತ ಮಾಡ್ದೆ," ಎಂದ ಅವನು, ತೀರ ತಗ್ಗಿದ ದನಿಯಲ್ಲಿ.

ಐದು ವರ್ಷ ಅವಳು ಕಾದ ಮಾತು. ಅದು ಬಂದದ್ದು ಹೀಗೆ, ತಪ್ಪೊಪ್ಪಿಗೆಯ ಬಾಲ ಹಿಡಿದುಕೊಂಡು. ಅವಳ ಕಣ್ಣು ತುಂಬಿತು; ತುಂಬಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಜೊತೆಗಿರೋಕೆ ನನ್ನನ್ನ ಕತ್ತರಿಸಿ ಸಣ್ಣದು ಮಾಡ್ಬೇಕಿತ್ತಾ?" ಎಂದವಳೇ ಹೊರಟುಹೋದಳು.

ಸಂಜೆ ಮನೆಯಲ್ಲಿ ಅತ್ತಿಗೆ ಅಣ್ಣನ ಅಂಗಿಗೆ ಇಸ್ತ್ರಿ ಹಾಕುತ್ತ ಕಥೆಯನ್ನೆಲ್ಲ ಕೇಳಿದರು.

"ಸದ್ಯಕ್ಕೆ ಹೋಗಿಬಿಡು ಅಂತ ನಿಮ್ಮಣ್ಣ ಅಂತಾರೆ. ಕೈಗೆ ಬಂದಿದ್ದು ಬಾಯಿಗೆ ಬರ್ದೇ ಹೋದೀತು ಅಂತ ಅವ್ರಿಗೆ ಭಯ."

"ನೀವೇನಂತೀರಿ ಅತ್ತಿಗೆ?"

ಅತ್ತಿಗೆ ಕಾಲರನ್ನು ಮಗುಚಿ ಹಾಕಿದರು. "ನಾನು ಟೀಚರ್ ಟ್ರೈನಿಂಗ್ ಮುಗಿಸಿ ಬಂದವಳು. ಮಗು ಚಿಕ್ಕದು, ಸದ್ಯಕ್ಕೆ ಬೇಡ ಅಂದ್ರು. ನಾನೂ ಹೂಂ ಅಂದೆ. ಆ ಸದ್ಯಕ್ಕೆ ಈಗ ಹೈಸ್ಕೂಲು." ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಅವಳ ಮುಖ ನೋಡಿದರು. "ಆ ಹುಡುಗ ಒಳ್ಳೆಯವನೇ ಇರ್ಬಹುದು. ನಿನ್ನ ಮಣೆ ಮೇಲೆ ನೀನು ಕೂತ್ಕೋ. ಬೇಕಿದ್ದೋನು ಪಕ್ಕದಲ್ಲಿ ಜಾಗ ಮಾಡ್ಕೊಂಡು ಕೂರ್ತಾನೆ."

ಎರಡು ದಿನ ಪರದೆಯ ಅಂಚಿನ ಮೇಲೆ ಕಣ್ಣುಗಳು ಕೂಡಲಿಲ್ಲ. ಮೂರನೆಯ ದಿನ ದೀರ್ಘವಾದೊಂದು ಶಸ್ತ್ರಕ್ರಿಯೆ ಮುಗಿಯುತ್ತ ಬಂದಿತ್ತು. ಅವಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಮಾಪ್ ಒಂಬತ್ತು, ಸರ್. ಹತ್ತಿರ್ಬೇಕು."

ಸರ್ಜನ್ ಗಡಿಯಾರ ನೋಡಿದರು. "ನಾನು ಒಳಗೆಲ್ಲ ನೋಡಿದೀನಿ ಲೆಕ್ಕದಮ್ಮ, ಏನಿಲ್ಲ. ಆಚೆ ಇನ್ನೊಂದು ಕೇಸ್ ಕಾಯ್ತಿದೆ. ಸೂಜಿ ಕೊಡಿ."

"ಕೊಡಲ್ಲ ಸರ್."

"ಏನಂದ್ರಿ?"

"ಹತ್ತನೇದು ಸಿಗೋವರ್ಗೂ ಸೂಜಿ ನನ್ನ ಕೈಯಲ್ಲೇ ಇರುತ್ತೆ. ಇನ್ನೊಂದ್ಸಲ ನೋಡಿ ಸರ್."

ದೊಡ್ಡ ಡಾಕ್ಟರರ ಕೈ ಗಾಳಿಯಲ್ಲಿ ಚಾಚಿಕೊಂಡೇ ನಿಂತಿತು. ಆಮೇಲೆ, ಒಂದು ನಿಟ್ಟುಸಿರಿನೊಡನೆ, ಆ ಕೈ ಹಿಂದೆ ಸರಿದು ಹುಡುಕಲು ಬಗ್ಗಿತು. ಹುಡುಕಿದರೂ ಸಿಗಲಿಲ್ಲ. ಬಕೆಟ್ ನೋಡಿದರು, ಮೇಜಿನಡಿ ನೋಡಿದರು.

ಪರದೆಯಾಚೆ ಅವನು ತನ್ನ ಯಂತ್ರದ ಕೆಳಗಿನ ಕಸದ ಚೀಲವನ್ನು ಬಿಚ್ಚಿದ. ಅರ್ಧ ಗಂಟೆಯ ಹಿಂದೆ ನೆಲಕ್ಕೆ ಚೆಲ್ಲಿದ್ದ ಸಲೈನನ್ನು ಒರೆಸಲು, ಕಾಲಿನ ಬಳಿ ಬಿದ್ದಿದ್ದ ಬಟ್ಟೆಯ ತುಂಡನ್ನು ಅವನು ಏನೂ ಯೋಚಿಸದೆ ಎತ್ತಿಕೊಂಡಿದ್ದ. ಒದ್ದೆಯಾಗಿ ಮುದ್ದೆಯಾದ ಹತ್ತನೆಯ ಮಾಪ್ ಅಲ್ಲಿತ್ತು. ಸದ್ದಿಲ್ಲದೆ ಮೇಜಿನಡಿಗೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನನ್ನ ಹತ್ರ ಇದೆ ಸರ್," ಎಂದು ಎದ್ದು ನಿಂತ. "ನಾನೇ ತೆಗೆದೆ. ತಪ್ಪಾಯ್ತು."

ಅವಳು ಮೂರು ದಿನಗಳಲ್ಲಿ ಮೊದಲ ಬಾರಿಗೆ ಪರದೆಯ ಮೇಲಿಂದ ಅವನನ್ನು ನೇರವಾಗಿ ನೋಡಿದಳು.

"ನನ್ನ ಲೆಕ್ಕದೊಳಗಿರೋದನ್ನ ತೆಗೆಯೋ ಮುಂಚೆ ನನ್ನನ್ನ ಕೇಳ್ಬೇಕು."

ಮಾತು ಮಾಪಿನದೆಂದು ಉಳಿದವರೆಲ್ಲರೂ ತಿಳಿದರು. ಅವನ ಕಿವಿಗಳು ಕೆಂಪಾದವು.

"ಮಾಪ್ ಹತ್ತು, ಸರ್. ಸರಿಯಾಯ್ತು," ಎಂದು ಸೂಜಿ ಕೊಟ್ಟಳು.

ಹೊಲಿಗೆ ಹಾಕುತ್ತ ಸರ್ಜನ್ ಗೊಣಗಿದರು: "ಇವ್ರು ಹೊರದೇಶಕ್ಕೆ ಹೋಗ್ತಾರಂತೆ. ಆಮೇಲೆ ನನ್ನ ಕೈ ನಿಲ್ಸೋರು ಯಾರಪ್ಪಾ?"

ಪರದೆಯಾಚೆ ಅವನು ಅದನ್ನು ಕೇಳಿಸಿಕೊಂಡ. ಸಹಾಯಕಿಯ ಲೈಸೆನ್ಸಿನಲ್ಲಿ ಎಲ್ಲವೂ ಇತ್ತು: ಮೂರು ತಿಂಗಳು, ಒಂದೇ ಊರು, ಅವಳ ಪಕ್ಕದ ಜಾಗ. ‘ಕೊಡಲ್ಲ ಸರ್’ ಎಂಬ ಈ ಎರಡು ಪದಗಳು ಮಾತ್ರ ಇರಲಿಲ್ಲ. ಅವನು ಮರುಳಾದದ್ದು ಮಚ್ಚೆಗಿಂತ ಮೊದಲು ಈ ಪದಗಳಿಗೆ. ಅದನ್ನೇ ಮರೆತು ಅರ್ಜಿ ತುಂಬಿದ್ದ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನ ಮೂಲೆಯ ಮೇಜಿನ ಮೇಲೆ ಅವಳ ಫೈಲನ್ನು ತಂದಿಟ್ಟ.

"ನನ್ನ ಅರ್ಜಿ ವಾಪಸ್ ತಗೊಂಡೆ. ನಿಮ್ದನ್ನ ಮುಟ್ಟಿಲ್ಲ."

"ನಿಮ್ದನ್ನ ಯಾಕೆ ತಗೊಂಡ್ರಿ? ನಿಮಗೆ ಅದೊಂದೇ ದಾರಿ ಅಂದ್ರಿ."

"ಒಂಬತ್ತು ವರ್ಷ ಬೇರೆಯವರ ಉಸಿರು ಕಾದಿದೀನಿ. ಯಂತ್ರ ಕೂಗೋಕೆ ಮುಂಚೆ ನನಗೆ ಗೊತ್ತಾಗುತ್ತೆ. ನಿಮ್ಮನ್ನ ಕತ್ತರಿಸೋ ಮೊದಲು ನನ್ನನ್ನೇ ಕತ್ತರಿಸ್ಕೊಂಡಿದ್ದೆ ಅಂತ ನಿನ್ನೆ ಗೊತ್ತಾಯ್ತು."

ಅವಳು ಲೋಟದ ಚಹಾವನ್ನು ಅರ್ಧ ಕುಡಿದು ಕೆಳಗಿಟ್ಟಳು. "ನಿಮಗೆ ಟೆಕ್ನಿಷಿಯನ್ ಅಂತಾನೇ, ನನಗೆ ನರ್ಸ್ ಅಂತಾನೇ ಲೈಸೆನ್ಸ್ ಕೊಡೋ ದೇಶ ಒಂದಾದ್ರೂ ಇರ್ಬೇಕು. ಹುಡುಕೋಣ. ಇಲ್ದಿದ್ರೆ ನೀವೊಂದು ದೇಶ, ನಾನೊಂದು ದೇಶ. ಅರ್ಧರ್ಧ ಆಗಿ ಒಂದೇ ಮನೇಲಿ ಇರೋದಕ್ಕಿಂತ ಅದೇ ವಾಸಿ."

"ಹುಡುಕೋಣ," ಎಂದ. ಆಮೇಲೆ ಎಚ್ಚರದಿಂದ, "ನಿಮ್ಮ ಪೆನ್ ತಗೋಬಹುದಾ?" ಎಂದು ಕೇಳಿದ.

ಅವಳಿಗೆ ನಗು ತಡೆಯಲಾಗಲಿಲ್ಲ.

ನಾಲ್ಕು ಭಾನುವಾರಗಳು ಅದೇ ಮೇಜಿನ ಮೇಲೆ ಕಳೆದವು. ಗೆರೆ ಹಾಕಿದ ಹಾಳೆಯಲ್ಲಿ ದೇಶಗಳು ಸಾಲಾಗಿ ನಿಂತವು. ಪ್ರತಿಯೊಂದರ ಮುಂದೆ ಎರಡು ಚೌಕ. ಕರಪತ್ರಗಳನ್ನು ಬದಿಗಿಟ್ಟು ಆಯಾ ದೇಶದ ಮಂಡಳಿಗಳ ನಿಯಮಗಳನ್ನೇ ಓದಿದರು. ಒಂದು ದೇಶದಲ್ಲಿ ಅವಳಿಗೆ ಬಾಗಿಲು ತೆರೆದಿದ್ದರೆ ಅವನಿಗೆ ಮುಚ್ಚಿತ್ತು. ಇನ್ನೊಂದರಲ್ಲಿ ಅವನಿಗೆ ಸ್ವಾಗತ, ಅವಳ ಥಿಯೇಟರ್ ಅನುಭವಕ್ಕೆ ಕವಡೆಯ ಬೆಲೆ. ಹತ್ತು ದೇಶಗಳ ಮುಂದೆ ಒಂದಾದರೂ ಅಡ್ಡಗೆರೆ ಬಿತ್ತು. ಹನ್ನೊಂದನೆಯದರ ಮುಂದೆ ಎರಡೂ ಚೌಕಗಳಲ್ಲಿ ಸರಿ ಗುರುತು ಮೂಡಿತು.

"ಒಂದೂವರೆ ವರ್ಷ ಹಿಡಿಯುತ್ತೆ," ಎಂದ.

"ಐದು ವರ್ಷ ಸುಮ್ನೆ ಕೂತಿದ್ರಲ್ಲ, ಅದಕ್ಕಿಂತ ಕಮ್ಮಿ."

"ಸಿಕ್ಕಾಪಟ್ಟೆ ಚಳಿಯಂತೆ."

"ಸ್ವೆಟರ್ ಇದೆ."

"ಹೊಸ ಭಾಷೆ ಕಲೀಬೇಕು."

"ನಾಲಿಗೆ ಇದೆ. ನಿಮಗಿದೆಯೋ ಇಲ್ವೋ ಅಂತ ಒಂದೊಂದ್ಸಲ ಅನುಮಾನ ಬರುತ್ತೆ."

ಅವನು ತಲೆ ಬಗ್ಗಿಸಿ ನಕ್ಕ. ನಾಲಿಗೆ ಅಂದೂ ಹೊರಳಲಿಲ್ಲ.

ಏಜೆನ್ಸಿಯ ಮೇಡಂ ಹೊಸ ಅರ್ಜಿಗಳನ್ನು ಅವರ ಮುಂದಿಟ್ಟು ತಲೆಯಾಡಿಸಿದರು. "ಯಾರೂ ಹೋಗದ ದೇಶ. ನಂಟರಿಲ್ಲ, ಇಷ್ಟರಿಲ್ಲ. ಹೋಗ್ಲಿ, ಒಬ್ರನ್ನ ಮುಖ್ಯ ಅರ್ಜಿದಾರರು, ಇನ್ನೊಬ್ರನ್ನ ಅವಲಂಬಿತರು ಅಂತ ತೋರ್ಸೋಣ. ಮದುವೆ ಸರ್ಟಿಫಿಕೇಟ್ ಒಂದು ತಂದ್ಬಿಡಿ, ಕೆಲಸ ಸಲೀಸಾಗುತ್ತೆ."

"ಬೇಡ ಮೇಡಂ. ಎರಡೂ ಮುಖ್ಯ," ಎಂದಳು ಅವಳು.

"ಎರಡೂ ಮುಖ್ಯ," ಎಂದ ಅವನೂ, ಅದೇ ಉಸಿರಿನಲ್ಲಿ.

ಇಬ್ಬರೂ ತಂತಮ್ಮ ಅರ್ಜಿಯನ್ನು ತಾವೇ ತುಂಬಿದರು. ‘ಲೈಸೆನ್ಸ್ ವರ್ಗ’ದ ಚೌಕದಲ್ಲಿ ಅವಳು ‘ನೋಂದಾಯಿತ ನರ್ಸ್, ಶಸ್ತ್ರಕ್ರಿಯಾ ವಿಭಾಗ’ ಎಂದು ಬರೆದು, ಶಾಯಿ ಒಣಗುವವರೆಗೂ ಅದನ್ನೇ ನೋಡಿದಳು. ತಲೆಯೆತ್ತಿದಾಗ ಅವನ ಪೆನ್ನು ಮೂರನೆಯ ಪುಟದ ಒಂದು ಚೌಕದ ಮೇಲೆ ನಿಂತುಬಿಟ್ಟಿತ್ತು. ಸಂಗಾತಿ.

"ಇವ್ರೇ, ಒಂದು ಕೇಳ್ಬೇಕು."

"ಕೇಳಿ."

"ನಿಮ್ಮ ಲೈಸೆನ್ಸ್ ನಿಮ್ದು, ನಂದು ನಂದು. ನಾನು ಪರೀಕ್ಷೇಲಿ ಫೇಲಾದ್ರೂ ನೀವು ಹೋಗ್ಬೇಕು, ನೀವು ಫೇಲಾದ್ರೆ..."

"ಆಗಲ್ಲ. ಮುಂದಕ್ಕೆ ಹೇಳಿ."

ಅವನು ಪೆನ್ನನ್ನು ಕೆಳಗಿಟ್ಟ. ಐದು ವರ್ಷ ಪರದೆಯ ಹಿಂದೆ ಅಡಗಿದ್ದ ಮುಖವನ್ನು ಪೂರ್ತಿ ಅವಳ ಕಡೆ ತಿರುಗಿಸಿದ. "ನನ್ನನ್ನ ನಿಮ್ಮ ಲೆಕ್ಕದೊಳಗೆ ಸೇರಿಸ್ಕೋತೀರಾ? ನಾನಾಗೇ ಬರ್ಕೊಳ್ಳಲ್ಲ. ಕೇಳ್ತಾ ಇದೀನಿ."

ಮೇಡಂ ಹಠಾತ್ತನೆ ಮೇಜಿನ ಖಾನೆಯಲ್ಲಿ ಏನನ್ನೋ ಹುಡುಕತೊಡಗಿದರು.

ಅವಳು ಅವನ ಅರ್ಜಿಯತ್ತ ಕೈ ಚಾಚಿದಳು. "ನಿಮ್ಮ ಅರ್ಜೀಲಿ ಒಂದು ಕಡೆ ಖಾಲಿ ಬಿಟ್ಟಿದೀರಿ. ನಾನು ಬರೀಲಾ?"

"ಬರೀರಿ."

ಮೊದಲ ಪುಟಕ್ಕೆ ತಿರುವಿ, ‘ಗುರುತಿನ ಚಿಹ್ನೆ’ಯ ಮುಂದೆ ದುಂಡಗಿನ ಅಕ್ಷರಗಳಲ್ಲಿ ಬರೆದಳು: ‘ಬಲ ಹುಬ್ಬಿನ ತುದಿಯಲ್ಲಿ ಗಾಯದ ಗುರುತು. ಅರ್ಧ ಬೆರಳು ಉದ್ದ. ನಕ್ಕಾಗ ಒಂದು ನೂಲಿನಷ್ಟು ಮೇಲೇರುತ್ತದೆ.’

ಅವನು ಓದಿದ. ಮತ್ತೊಮ್ಮೆ ಓದಿದ. ಗುರುತು ಮೇಲೇರಿತು.

"ಅತ್ತಿಗೆ ಹತ್ರ ನೀವೇ ಬಂದು ಮಾತಾಡ್ಬೇಕು," ಎಂದಳು. "ಭಾನುವಾರ ಬನ್ನಿ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇರುತ್ತೆ, ಹುಷಾರು."

ಮೇಡಂ ಕನ್ನಡಕ ಸರಿಪಡಿಸಿಕೊಂಡು ಅರ್ಜಿಯ ಮೇಲೆ ಬಗ್ಗಿದರು. "ಅಮ್ಮಾ, ನಕ್ಕಾಗ ಗಿಕ್ಕಾಗ ಅಂತೆಲ್ಲ ಇದ್ರಲ್ಲಿ ಬರೀಬಾರ್ದು. ಆ ಸಾಲು ತೆಗೀರಿ."

"ತೆಗೆಯಲ್ಲ ಮೇಡಂ," ಎಂದಳು ಲೆಕ್ಕದಮ್ಮ.