ಪ್ರೆಸ್ಸಿನಲ್ಲಿ ಸಿಕ್ಕಿದ ಚಿನ್ನ

ಮೇದಪ್ಪನ ಅಂಗಿಯ ಎಡಜೇಬಿನಲ್ಲಿ ಏನೋ ಇದೆ ಎಂಬುದರಲ್ಲಿ ದಮಯಂತಿಗೆ ಅನುಮಾನವಿರಲಿಲ್ಲ. ಏನು ಎಂಬುದರಲ್ಲಿ ಮಾತ್ರ ಇತ್ತು.

ಸಂಜೆ ಸುಳ್ಯದ ಬಸ್ಸಿಗೆ ಹೊರಡುವ ಮುನ್ನ ಅವನು ಖಾಕಿ ಬಟ್ಟೆಯ ಸಣ್ಣ ಗಂಟೊಂದನ್ನು ಆ ಜೇಬಿಗೆ ಇಳಿಸಿ, ಮೇಲಿಂದ ಒಮ್ಮೆ ಅಂಗೈಯಿಂದ ಒತ್ತಿ ನೋಡಿಕೊಳ್ಳುತ್ತಿದ್ದ. ಕದ್ದವರು ಹಾಗೆಯೇ ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಅವಳ ತೀರ್ಮಾನ. ಕದಿಯದವರಿಗೂ ಹಾಗೆ ಮುಟ್ಟಿ ನೋಡಿಕೊಳ್ಳಲು ಕಾರಣಗಳಿರಬಹುದೆಂದು ಅವಳಿಗೆ ಆಗ ಹೊಳೆದಿರಲಿಲ್ಲ.

೧೯೬೧ರ ಬೇಸಗೆ. ಪುತ್ತೂರು ಪೇಟೆಯ ಆ ಪ್ರೆಸ್ಸು ತಂದೆಯ ಕಾಲಾನಂತರ ದಮಯಂತಿಯ ಕೈಗೆ ಬಂದಿತ್ತು. ಅಚ್ಚಿನ ಯಂತ್ರ ಸರಿಯಾಗಿತ್ತು. ಕಾಗದ ಕತ್ತರಿಸುವ ಕೈಯಂತ್ರ ಮಾತ್ರ ತಂದೆಯ ಕಾಯಿಲೆಯ ದಿನಗಳಿಂದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಅಲಗು ಬಂದು ಕೂರುವ ಮರದ ಪಟ್ಟಿ ಗೆದ್ದಲಿಗೆ ಹೋಗಿತ್ತು. ಕಾಗದದ ಕಟ್ಟನ್ನು ಅಲುಗದಂತೆ ಅದುಮುವ ತಿರುಪಿನ ಹಿತ್ತಾಳೆಯ ನಟ್ಟು ಎಲ್ಲಿಗೆ ಹೋಯಿತೋ ಯಾರಿಗೂ ತಿಳಿಯದು.

ಚಿಕ್ಕಪ್ಪ ದುಗ್ಗಪ್ಪನವರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಶಾಲೆ ತೆರೆಯುವುದರೊಳಗೆ ಆ ಯಂತ್ರ ನೋಟ್‌ಬುಕ್ಕುಗಳ ಅಂಚು ಕತ್ತರಿಸಿದರೆ ಪ್ರೆಸ್ಸು ಉಳಿಯಿತು. ಇಲ್ಲವಾದರೆ ಯಂತ್ರ ಗುಜರಿಗೆ, ಪ್ರೆಸ್ಸಿನ ಬಾಗಿಲಿಗೆ ಬೀಗ.

ಸುಳ್ಯದ ವರ್ಕ್‌ಶಾಪಿನಿಂದ ಬಂದ ಫಿಟ್ಟರ್ ಮೇದಪ್ಪ, ಆಲೆಟ್ಟಿಯವನು. ಮೊದಲ ದಿನ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದು, ಅವಳ ಮನೆಮಾತು ಯಾವುದೆಂದು ಊಹಿಸಿ, ಸಲಿಗೆಯಿಂದ ಅರೆಭಾಷೆಯಲ್ಲೇ ಹೇಳಿದ: "ತುಂಬ ಕೆಲ್ಸ ಉಟ್ಟು."

"ಎಷ್ಟು ಉಂಟು ಅಂತ ಸರಿಯಾಗಿ ಹೇಳಿ," ಎಂದಳು ದಮಯಂತಿ.

ಅರೆಭಾಷೆ ಅವಳಿಗೆ ಅಡುಗೆಮನೆಯ ಮಾತು, ತನ್ನವರ ಮಾತು; ಅಲ್ಲಿ 'ಉಂಟು' ಎಂಬುದು ಸೊನ್ನೆಯಿಲ್ಲದ 'ಉಟ್ಟು'. ಪ್ರೆಸ್ಸಿನಲ್ಲಿ, ಅದರಲ್ಲೂ ನಂಬಿಕೆ ಹುಟ್ಟದವರೊಡನೆ, ಅವಳದು ಪೇಟೆಯ ಕನ್ನಡ. ಮೇದಪ್ಪ ಅವಳ ಮುಖವನ್ನು ಒಂದು ಕ್ಷಣ ನೋಡಿದ. ತುಟಿಯ ಕೊನೆಯಲ್ಲಿ ನಗು ಮೂಡಿ, ಅಲ್ಲೇ ನಿಂತಿತು.

"ಸರಿ. ಉಂಟು," ಎಂದ. "ಸೊನ್ನೆ ಸೇರಿಸಿಯೇ ಹೇಳ್ತೇನೆ."

ಮರದ ಪಟ್ಟಿಯನ್ನು ಅವನು ಹಲಸಿನ ಮರದಲ್ಲಿ ಕಡೆದು ಕೂರಿಸಿದ. ಅಲಗನ್ನು ಮಸೆದ. ಆಮೇಲೆ ಕೆಲಸ ನಿಧಾನವಾಯಿತು. ಬರುವುದು, ತಿರುಪಿಗೆ ಎಣ್ಣೆ ಹಾಕುವುದು, ಒರೆಸುವುದು, ಮತ್ತೆ ಎಣ್ಣೆ ಹಾಕುವುದು. ಅವಳು ಅಚ್ಚಿನ ಮೊಳೆಗಳನ್ನು ಜೋಡಿಸುತ್ತ ತಲೆಯೆತ್ತಿದಾಗಲೆಲ್ಲ ಅವನು ಆಗಷ್ಟೇ ಕಣ್ಣು ತಗ್ಗಿಸಿದವನಂತೆ ಕಾಣುತ್ತಿದ್ದ.

"ನಟ್ಟು ಎಂತಾಯ್ತು?"

"ಆಗ್ತಾ ಉಂಟು."

"ಇದೇ ಮಾತು ನಿನ್ನೆಯೂ ಕೇಳಿದ್ದೆ."

"ನಿನ್ನೆಯೂ ಸತ್ಯವೇ ಇತ್ತು ಮಾರಾಯ್ರೆ!"

ಅವಳಿಗೆ ನಗು ಬಂತು. ಬರಲಿಲ್ಲವೆಂದು ತೋರಿಸಲು ಅವಳು ಬೇಕೆಂದೇ ಬಾಗಿ, ಬೀಳದ ಮೊಳೆಯೊಂದನ್ನು ನೆಲದಲ್ಲಿ ಹುಡುಕಿದಳು.

ಶಾಲೆ ತೆರೆಯುವ ಹಿಂದಿನ ದಿನ ಗುಜರಿಯ ಕುಂಞಿ ಮೋನು ಬಂದ. ತಲಶ್ಶೇರಿ ಕಡೆಯಿಂದ ಬಂದು ಪುತ್ತೂರಿನಲ್ಲಿ ನೆಲೆಸಿ ಇನ್ನೂ ವರ್ಷ ತುಂಬಿರಲಿಲ್ಲ. ಯಂತ್ರವನ್ನು ಒಯ್ಯಬೇಕಾಗಬಹುದೆಂದು ದುಗ್ಗಪ್ಪನವರೇ ಅವನಿಗೆ ಹೇಳಿಟ್ಟಿದ್ದರು. ಅವನು ಬಾಗಿಲಲ್ಲಿ ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ದಮಯಂತಿಯಕ್ಕ, ನಾನು ಹೇಳಿದೆ ಅಂತ ಹೇಳ್ಬೇಡಿ. ನಿಮ್ಮ ಫಿಟ್ಟರಿಗೆ ಈ ಪ್ರೆಸ್ಸಿನೊಳಗೆ ಚಿನ್ನ ಸಿಕ್ಕಿದೆ."

"ಎಂತ ಚಿನ್ನ?"

"ಅದು ನನಗೆ ಗೊತ್ತಿಲ್ಲಪ್ಪ. ಬಸ್‌ಸ್ಟ್ಯಾಂಡಿನಲ್ಲಿ ನಾನು ಕೇಳಿದೆ, ಆ ಹಳೆ ಕಬ್ಬಿಣದಲ್ಲಿ ನಿನಗೆ ಸಿಕ್ಕಿದ್ದು ಎಂತ ಅಂತ. ಚಿನ್ನ ಸಿಕ್ಕಿತು ಅಂತ ಅವನ ಬಾಯಲ್ಲೇ ಬಂತು. ಮುಖ ನೋಡ್ಬೇಕಿತ್ತು ನೀವು, ಹದಿನಾಲ್ಕನೇ ರಾತ್ರಿಯ ಚಂದ್ರ!"

ದಮಯಂತಿಯ ಕೈ ತಾನಾಗಿಯೇ ಕಿವಿಗೆ ಹೋಯಿತು. ಚಿಕ್ಕಂದಿನಲ್ಲಿ ಅವಳ ಬೆಂಡೋಲೆಯೊಂದು ಇದೇ ಕೋಣೆಯಲ್ಲಿ ಕಳೆದುಹೋಗಿತ್ತು. ಹಾಗಾದರೆ ಖಾಕಿ ಬಟ್ಟೆಯೊಳಗೆ ಇರುವುದು ಅದೇ. ಅವಳನ್ನು ನೋಯಿಸಿದ್ದು ಬೆಂಡೋಲೆಯಲ್ಲ. ಕದ್ದದ್ದೆಂದು ತೀರ್ಮಾನಿಸಿಯೂ ಆ ಜೇಬಿನ ಬಗ್ಗೆ ತಾನು ಇಷ್ಟು ದಿನ ಒಳಗೊಳಗೇ ಬೇರೆ ಏನನ್ನೋ ಊಹಿಸಲು ಬಯಸಿದ್ದೆ ಎಂಬುದು.

ಮಧ್ಯಾಹ್ನ ಮೇದಪ್ಪ ಬಂದಾಗ ಅವಳು ಯಂತ್ರಕ್ಕೆ ಅಡ್ಡವಾಗಿ ನಿಂತಿದ್ದಳು.

"ಜೇಬಿನಲ್ಲಿ ಎಂತ ಉಂಟು?"

ಅವನ ಕೈ ಎದೆಗೆ ಹೋಯಿತು. "ಎಂತ ಇಲ್ಲ."

"ನನ್ನ ಪ್ರೆಸ್ಸಿನಲ್ಲಿ ಸಿಕ್ಕಿದ ಚಿನ್ನ. ಇಲ್ಲಿ ಇಡಿ."

"ಚಿನ್ನವಾ?"

"ಬಸ್‌ಸ್ಟ್ಯಾಂಡಿನಲ್ಲಿ ಹೇಳಿದವರು ನೀವೇ ಅಲ್ವಾ?"

ಮೇದಪ್ಪ ನಿಧಾನವಾಗಿ ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಬಟ್ಟೆಯ ನಡುವೆ ಹಳದಿಯಾಗಿ ಹೊಳೆಯಿತು. ಬೆಂಡೋಲೆಯಲ್ಲ, ಹಿತ್ತಾಳೆಯ ನಟ್ಟು. ಒಳಗಿನ ತಿರುಪಿನ ಎಳೆಗಳು ಒಂದೊಂದೂ ಸ್ಪಷ್ಟ.

"ಇದು ಯಾವಾಗ ತಯಾರಾದದ್ದು?"

"ಕಳೆದ ವಾರ."

"ಮತ್ತೆ 'ಆಗ್ತಾ ಉಂಟು' ಅಂದದ್ದು?"

ಅವನು ನೆಲ ನೋಡಿದ. "ಇದನ್ನು ಹಾಕಿದರೆ ಕೆಲಸ ಮುಗೀತದೆ. ಮುಗಿದರೆ ಪುತ್ತೂರಿಗೆ ಬರ್ಲಿಕ್ಕೆ ನನಗೆ ನೆಪ ಎಲ್ಲಿ ಉಂಟು?"

ಸಿಟ್ಟು ಇಳಿಯಲು ಸಿದ್ಧವಾಗಿತ್ತು. ಅವಳು ಬಿಡಲಿಲ್ಲ. "ಚಿನ್ನದ ವಿಷಯ?"

"ನಾನು ಚಿನ್ನ ಅಂತ ಹೇಳ್ಲೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರದ್ದೂ ತುಳುವೇ ಅಲ್ವಾ, ಕುಂಞಿ ಮೋನುವಿಗೂ ತುಳುವಿನಲ್ಲೇ ಹೇಳಿದೆ." ಮೇದಪ್ಪ ತಡವರಿಸಿದ. "ಪ್ರೆಸ್ಸ್‌ಡ್ ಎಂಕ್ ಒಂಜಿ ಪೊಣ್ಣು ತಿಕ್ಂಡ್, ಅಂತ."

ಪ್ರೆಸ್ಸಿನಲ್ಲಿ ನನಗೊಬ್ಬಳು ಹೆಣ್ಣು ಸಿಕ್ಕಿದಳು. ತುಳುವಿನ ಪೊಣ್ಣು ಹೆಣ್ಣು. ಮಲಯಾಳದ ಪೊನ್ನು ಚಿನ್ನ. ಬಸ್ಸುಗಳ ಗದ್ದಲದಲ್ಲಿ ಕುಂಞಿ ಮೋನುವಿನ ಕಿವಿ ತನ್ನ ಊರಿನ ಅರ್ಥವನ್ನು ಆರಿಸಿಕೊಂಡಿತ್ತು. ದಮಯಂತಿಯ ಮುಖಕ್ಕೆ ಬಿಸಿ ಏರಿತು. ಪಕ್ಕದ ಗೋಡೆಯ ಕ್ಯಾಲೆಂಡರನ್ನು ಅವಳು ಬಹಳ ಆಸಕ್ತಿಯಿಂದ ನೋಡಿದಳು.

"ನಾಳೆ ಶಾಲೆ ತೆರೆಯುದು," ಎಂದಳು ಕಡೆಗೆ. "ಅಷ್ಟರೊಳಗೆ ಇದು ಕತ್ತರಿಸದಿದ್ದರೆ ಚಿಕ್ಕಪ್ಪ ಪ್ರೆಸ್ಸಿಗೆ ಬೀಗ ಹಾಕ್ತಾರೆ. ಆ ಪೊಣ್ಣು ಬೀದಿಗೆ."

ಮೇದಪ್ಪನ ಮುಖ ಬಿಳಿಚಿತು. "ಇದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೆ!"

"ನಂಬಿಕೆ ಇದ್ದಿದ್ದರೆ ಹೇಳ್ತಿದ್ದೆ."

ಅವನು ನಟ್ಟನ್ನು ಎತ್ತಿಕೊಂಡು ಯಂತ್ರದ ಕೆಳಗೆ ಸೇರಿದ. ಹೊರಬಂದಾಗ ಹಣೆಯ ಮೇಲೆ ಗ್ರೀಸಿನ ಗೆರೆಯೊಂದಿತ್ತು. ಅವಳು ಹೊಲಿದಿಟ್ಟ ನೋಟ್‌ಬುಕ್ಕುಗಳ ಕಟ್ಟನ್ನು ಒಳಗಿಟ್ಟಳು. ಅವನು ತಿರುಪನ್ನು ಬಿಗಿದ. ಹಿಡಿಕೆ ಭಾರವಾಗಿತ್ತು, ಇಬ್ಬರೂ ಹಿಡಿದು ಎಳೆಯಬೇಕಾಯಿತು. ಅಲಗು ಕಬ್ಬಿನೊಳಗೆ ಹೋದಂತೆ ಇಳಿಯಿತು. ಅಂಚು ಗಾಜಿನಷ್ಟು ನುಣುಪು.

ಸಂಜೆ ದುಗ್ಗಪ್ಪನವರು ಆ ಅಂಚಿನ ಮೇಲೆ ಹೆಬ್ಬೆರಳು ಸವರಿದರು. ಬೀಗದ ಕೈಯನ್ನು ಸ್ವಂತ ಮಗಳಿಗೆ ಕೊಡುವಂತೆ ದಮಯಂತಿಯ ಅಂಗೈಯಲ್ಲಿಟ್ಟರು. ಕುಂಞಿ ಮೋನುವಿನ ಕೈಗಾಡಿ ಖಾಲಿಯಾಗಿಯೇ ತಿರುಗಿತು. "ಚಿನ್ನ ಸಿಕ್ಕಿತಾ ಅಕ್ಕ?" ಎಂದು ಅವನು ಕಣ್ಣಲ್ಲೇ ಕೇಳಿದ. "ತೂಕ ಹಾಕ್ತಾ ಇದ್ದೇನೆ," ಎಂದಳು ಅವಳು.

ಮೇದಪ್ಪ ಸ್ಪಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ, ಎಡಜೇಬನ್ನು ಅಭ್ಯಾಸಬಲದಿಂದ ಮುಟ್ಟಿ ನೋಡಿದ. ಅದು ಖಾಲಿಯಾಗಿತ್ತು. ಬಾಗಿಲಲ್ಲಿ ನಿಂತು, ತಿರುಗದೆ ಕೇಳಿದ:

"ಇನ್ನು ಇಲ್ಲಿ ನನಗೆ ಕೆಲಸ ಉಂಟಾ?"

ದಮಯಂತಿ ಮೊಳೆಗಳ ಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. ಆದರೆ ಉತ್ತರ ಕೊಡುವಾಗ ಒಂದು ಸೊನ್ನೆಯನ್ನು ಬೇಕೆಂದೇ ಕಳೆದುಬಿಟ್ಟಳು.

"ಉಟ್ಟು."