ಅರ್ಜಿಯ ಮೇಲಿನ ನಂಬರು

ಆ ಹೆಬ್ಬೆರಳು!

ನೀರಿನ ಲೋಟಕ್ಕೆ ಅವನು ಕೈ ಚಾಚಿದಾಗ ಮಲ್ಲಿಕಾಳ ಕಣ್ಣಿಗೆ ಬಿದ್ದದ್ದು ಅದೊಂದೇ. ಎಡಗೈ ಹೆಬ್ಬೆರಳ ಉಗುರಿನ ನಡುವೆ ಉದ್ದಕ್ಕೆ ಸೀಳಿದಂಥ ಹಳೆಯ ಗಾಯದ ಗೆರೆ. ಲೋಟ ಅವಳ ಕೈಯಲ್ಲೇ ವಾಲಿತು. ನೀರು ತುಳುಕಿ ಅವನ ಅಂಗಿಯ ತೋಳು ತೋಯಿತು.

"ಅಯ್ಯ... ತಪ್ಪಾತ್ರಿ ಸರ್!"

"ಇರ್ಲಿ ಬಿಡ್ರಿ, ಬಿಸಲಾಗ ಒಣಗ್ತದ," ಎಂದು ಅವನು ನಗುತ್ತ ತಲೆಯೆತ್ತಿದ. ಅವಳ ಮುಖ ನೋಡಿದ. ನಗು ಅಲ್ಲಿಗೇ ನಿಂತಿತು.

"ನೀವು... ಮಲ್ಲಿಕಾ ಮೇಡಂ?"

"ಹೌದ್ರಿ."

ಅವನು ತೋಯ್ದ ತೋಳನ್ನು ಹಿಂಡಿಕೊಳ್ಳುತ್ತ ಕಣ್ಣು ತಪ್ಪಿಸಿದ. ಕಾಲೇಜಿನ ಅಂಗಳದಲ್ಲಿ ಅರವತ್ತು ಹುಡುಗ ಹುಡುಗಿಯರ ಗದ್ದಲ.

'ಗುರುತು ಹಿಡಿದುಬಿಟ್ಟರು!' ಮಲ್ಲಿಕಾ ಲೋಟವನ್ನು ಸೆರಗಿನಿಂದ ಒರೆಸತೊಡಗಿದಳು.

ಅವಳು ನವಲಗುಂದದ ಈ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದು ಎಂಟು ತಿಂಗಳಾಗಿತ್ತು. "ನೀವು ಸಣ್ಣವರು, ಓಡ್ಯಾಡ್ತೀರಿ" ಎಂದು ಪ್ರಾಚಾರ್ಯರು ಕ್ಯಾಂಪಸ್ ಸಂದರ್ಶನದ ಕೆಲಸವನ್ನು ಅವಳಿಗೇ ಗಂಟು ಹಾಕಿದ್ದರು. ಹುಬ್ಬಳ್ಳಿಯ ಸೋಲಾರ್ ಪಂಪ್‌ಸೆಟ್ ಕಂಪನಿಯೊಂದು ಹನ್ನೆರಡು ಜನರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಅಲ್ಲಿಂದ ಇಂದು ಬಂದಿದ್ದ ಈ ವಿವೇಕನ ಜೊತೆ ಒಂದು ತಿಂಗಳು ದಿನಾ ಕಾಲೇಜಿನ ಫೋನಿನಲ್ಲಿ ಮಾತು. ಎಷ್ಟು ಕೋಣೆ, ಎಷ್ಟು ಕುರ್ಚಿ, ಕರೆಂಟ್ ಹೋದರೆ ಏನು...

ಕೆಲಸದ ಮಾತು ಮುಗಿದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಆ ಕಡೆ ಒಂದು ಫ್ಯಾನು ಕಟಕಟ ಎನ್ನುತ್ತಿತ್ತು.

"ಮತ್ತ?"

"ಮತ್ತೇನಿಲ್ರಿ."

ಮತ್ತೆ ಫ್ಯಾನಿನ ಸದ್ದು. ಮುಖವನ್ನೇ ಕಾಣದ ಆ ಮನುಷ್ಯನಿಗೆ, ಅವನ ಮಾತಿಗಿಂತ ಅವನ ಮೌನಕ್ಕೆ, ಮಲ್ಲಿಕಾ ಮನಸ್ಸು ಕೊಟ್ಟುಬಿಟ್ಟಿದ್ದಳು. ಇವತ್ತು ನೋಡುತ್ತೇನಲ್ಲ ಎಂದು ಬೆಳಿಗ್ಗೆ ಆರಕ್ಕೇ ಬಂದು ಸಂದರ್ಶನದ ಕೋಣೆಗೆ ಜಮಖಾನೆ ಹಾಸಿಸಿದ್ದಳು.

ಆದರೆ ಆ ಹೆಬ್ಬೆರಳು...

ಮೂರು ವರ್ಷದ ಹಿಂದೆ ಅಣ್ಣಿಗೇರಿಯಲ್ಲಿ ಬಿ.ಕಾಂ. ಮುಗಿಸುವಾಗ ಬೇರೊಂದು ಕಂಪನಿಯ ಸಂದರ್ಶನಕ್ಕೆ ಅವಳೂ ಕುಳಿತಿದ್ದಳು. ಮೇಜಿನ ಆಚೆ ಇಬ್ಬರು. ಒಬ್ಬರು ಪ್ರಶ್ನೆ ಕೇಳುತ್ತಿದ್ದರು, ಇನ್ನೊಬ್ಬ ತುಟಿ ಬಿಚ್ಚಿರಲಿಲ್ಲ.

"ನಿಮ್ಮ ಬಗ್ಗೆ ಹೇಳ್ರಿ."

ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಒಂದು ಅಕ್ಷರ ಹೊರಡಲಿಲ್ಲ. ತಲೆ ತಗ್ಗಿಸಿದ್ದ ಅವಳಿಗೆ ಕಂಡದ್ದು ಆ ಮಾತಾಡದವನ ಕೈ ಮಾತ್ರ. ಸೀಳು ಉಗುರಿನ ಹೆಬ್ಬೆರಳು. ಆ ಕೈ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಿತು.

'ಮುಗೀತು. ಇವಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ ಅಂತ ಅರ್ಥ!'

ಅವಳು ಎದ್ದು ಓಡಿದ್ದಳು. ಹಿಂದೆ ಕುರ್ಚಿ ಬಿದ್ದ ಸದ್ದು ಈಗಲೂ ಕನಸಿನಲ್ಲಿ ಕೇಳುತ್ತಿತ್ತು.

ಫೋನಿನಲ್ಲಿ ಧೈರ್ಯದಿಂದ ಮಾತಾಡಿದ ಮಲ್ಲಿಕಾ ಮೇಡಂ, ಅಂದು ಕುರ್ಚಿ ಕೆಡವಿ ಓಡಿದ ಹುಡುಗಿ ಎಂದು ಇವನಿಗೆ ತಿಳಿದುಹೋಯಿತು. ನಾಳೆಯಿಂದ ಆ ಫೋನ್ ಬರುವುದಿಲ್ಲ... ಇನ್ನೆಂದೂ ಬರುವುದಿಲ್ಲ!

"ಕೆಲಸ ಸುರು ಮಾಡೂಣ್ರಿ," ಎಂದ ವಿವೇಕ. ದನಿ ಅದೇ. ಆದರೆ ಅದರೊಳಗಿನ ಬಿಸಿ ಆರಿತ್ತು.

ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಮಲ್ಲಿಕಾ ಬಾಗಿಲಲ್ಲಿ ನಿಂತು ಹೆಸರು ಕರೆದಳು. ಅಂಗೈ ಬೆವರಿಗೆ ಪಟ್ಟಿಯ ಅಂಚು ಮೆತ್ತಗಾಗಿತ್ತು. ಒಂದು ಸಲವೂ ಅವಳು ಒಳಗೆ ಕಾಲಿಡಲಿಲ್ಲ. ಅವನೂ ಕರೆಯಲಿಲ್ಲ.

ಹನ್ನೆರಡರ ಹೊತ್ತಿಗೆ ಒಳಗೆ ಚಹಾ ಕೊಡಲು ಹೋಗಿದ್ದ ಸಿಪಾಯಿ ಲಕ್ಕಪ್ಪ ಓಡಿ ಬಂದ. "ಮೇಡಂ, ಹಸನಬಿ ಒಳಗ ಕುಂತಾಕಿ ಕಲ್ಲಾಗ್ಯಾಳ ನೋಡ್ರಿ! ಬಾಯಿ ಬಿಡವಲ್ಲಳು. ಹೊರಗ ಇದ್ದಾಗ ನನ್ನ ತಲಿ ತಿಂದಾಳ!"

ಮಲ್ಲಿಕಾ ಅರೆ ತೆರೆದ ಬಾಗಿಲಿನಿಂದ ನೋಡಿದಳು. ಹಸನಬಿ ತಲೆ ತಗ್ಗಿಸಿ ಕುಳಿತಿದ್ದಳು. ವಿವೇಕ ಪೆನ್ನಿಗೆ ಮುಚ್ಚಳ ಹಾಕಿದ. ಪಕ್ಕಕ್ಕಿಟ್ಟ.

'ಅಯ್ಯೋ... ಓಡಬೇಡವ್ವ, ಓಡಬೇಡ!'

ಆದರೆ ಅವನು ಮುಂದಿನ ಹೆಸರು ಕೇಳಲಿಲ್ಲ. ಗಡಿಯಾರ ನೋಡಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತ. ಒಂದು ನಿಮಿಷ... ಎರಡು... ಎಲ್ಲೂ ಹೋಗುವುದಿಲ್ಲ ಎಂಬಂಥ ಮೌನ ಅದು.

"ಸರ್..." ಹಸನಬಿಯ ದನಿ ಕೊನೆಗೂ ಹೊರಟಿತು. "ನಂಗ ಭಾಳ ಅಂಜಿಕಿ ಆಗೇತ್ರಿ. ಆದ್ರ ಕಂಪ್ಯೂಟರ್ ಕೆಲಸ ಎಲ್ಲಾ ಬರತೈತ್ರಿ."

"ಅಂಜಿಕಿ ಬಾಜೂಕ ಇಡ್ರಿ. ಕೆಲಸದ್ದ ಹೇಳ್ರಿ," ಎಂದು ಅವನು ನಕ್ಕ.

ಮಲ್ಲಿಕಾ ಗೋಡೆಗೆ ಒರಗಿದಳು. ಆ ಮುಚ್ಚಳದ ಅರ್ಥ ಅದಲ್ಲವೇ? ಅಂದು ಅವನು ಕಾಯುತ್ತಿದ್ದನೇ? ಹಾಗಾದರೆ ಬೆಳಿಗ್ಗೆ ಆ ನಗು ಯಾಕೆ ನಿಂತಿತು?

ಮೂರು ಗಂಟೆಗೆ ಎಲ್ಲ ಮುಗಿಯಿತು. ಹನ್ನೆರಡು ಹೆಸರಲ್ಲಿ ಹಸನಬಿಯದೂ ಇತ್ತು.

"ಮೇಡಂ, ಒಂದ್ ಮಾತು," ಎಂದು ವಿವೇಕ ಒಳಗಿನಿಂದ ಕರೆದ.

ಅವಳು ಹೊಸ್ತಿಲು ದಾಟಿದಳು. ಅವನು ಹುಡುಗಿಯರ ಅರ್ಜಿಗಳನ್ನು ಹರವಿಕೊಂಡಿದ್ದ. ಬಹಳಷ್ಟರಲ್ಲಿ ಮೊದಲು ಬರೆದ ಫೋನ್ ನಂಬರಿಗೆ ಗೀಟು ಹೊಡೆದು ಬೇರೆ ನಂಬರು ಬರೆಯಲಾಗಿತ್ತು. ಪಕ್ಕದಲ್ಲಿ ಮಲ್ಲಿಕಾಳ ಸಹಿ.

"ಇದೇನ್ರಿ?"

"ಹುಡುಗ್ಯಾರು ಅಪ್ಪಂದೋ ಅಣ್ಣಂದೋ ನಂಬರ್ ಬರೀತಾರ್ರಿ. ಹೋದ ವರ್ಷ ಹಸನಬಿ ಒಂದು ಕಡೆ ಸೆಲೆಕ್ಟ್ ಆಗಿದ್ಲು. ಕಂಪನಿಯವ್ರು ಫೋನ್ ಹಚ್ಚಿದ್ದು ಅಕಿ ಕಾಕಾಗ. ಅವ್ರು ಹತ್ತಿ ತುಂಬಿಸೂ ಗಡಿಬಿಡ್ಯಾಗ ಮರ್ತಬಿಟ್ರು. ಅಕಿಗೆ ಗೊತ್ತಾಗಿದ್ದು ಎರಡು ತಿಂಗಳಾದ ಮ್ಯಾಲೆ. ಅದಕ ಈ ಸಲ, ತಮ್ಮ ನಂಬರ್ ಬರೀದವ್ರನ್ನ ಒಳಗ ಬಿಡೂದಿಲ್ಲ ಅಂದೆ."

ಅವನು ಅರ್ಜಿಗಳನ್ನು ಒಟ್ಟುಮಾಡಿ ಬದಿಗಿಟ್ಟ.

"ಮೂರು ವರ್ಷದ ಹಿಂದ, ಅಣ್ಣಿಗೇರ್ಯಾಗ, ಶಲವಡಿ ಮಲ್ಲಿಕಾನ ಅರ್ಜಿ ಮ್ಯಾಲೆ ಯಾರ ನಂಬರ್ ಇತ್ರಿ?"



"ಹುಲಿಗೇಶಣ್ಣಂದು... ನಮ್ಮಣ್ಣಂದು. ಯಾಕ್ರಿ?"

"ಆಗ ನಾ ಆ ಕಂಪನ್ಯಾಗ ಇದ್ದೆ. ಆ ನಂಬರಿಗೆ ಮೂರು ಸಲ ಹಚ್ಚಿದ್ದೆ. ಇನ್ನೊಮ್ಮೆ ಬರ್ರಿ, ಅವಸರ ಏನಿಲ್ಲ, ಮಾತು ಬರದಿದ್ರ ಬರದು ತೋರಸ್ರಿ ಅಂತ ಹೇಳಲಿಕ್ಕೆ. ಮೂರನೇ ಸಲ ಅವ್ರು, ನಮ್ಮ ತಂಗಿ ಮದುವಿ ಗೊತ್ತಾಗೈತಿ, ಇನ್ನ ಹಚ್ಚಬ್ಯಾಡ್ರಿ ಅಂದ್ರು."

ಮಲ್ಲಿಕಾ ಕುರ್ಚಿ ಹಿಡಿದು ಕುಳಿತಳು. ಆ ವಾರವೇ ಅಣ್ಣ ಯಾರೂ ಕೇಳದೆ ಅವಳಿಗೆ ಹೊಸ ಗಡಿಯಾರ ತಂದುಕೊಟ್ಟಿದ್ದ. ಅದು ಈಗಲೂ ಅವಳ ಕೈಯಲ್ಲಿತ್ತು. ಅಣ್ಣ ಅಂದು ಮುಖ ನೋಡದೆ ಯಾಕೆ ಕೊಟ್ಟ ಎಂಬುದು ಈಗ ತಿಳಿಯಿತು. ಊರ ಹುಡುಗಿಯರ ನಂಬರನ್ನೆಲ್ಲ ತಿದ್ದಿಸಿದವಳಿಗೆ ತನ್ನದೂ ಅದೇ ಕಥೆ ಎಂದು ಹೊಳೆದೇ ಇರಲಿಲ್ಲ!

"ತಿಂಗಳಾತು, ಒಂದು ದನಿ ಕೇಳಬೇಕಂತ ಸುಳ್ಳ ಕೆಲಸ ಹುಡುಕಿ ಫೋನ್ ಹಚ್ಚೀನಿ," ಎಂದ ವಿವೇಕ, ಮೇಜು ನೋಡುತ್ತ. "ಕುರ್ಚಿ ಎಷ್ಟು ಅಂತ ನಾಕು ಸಲ ಕೇಳೀನಿ..."

"ಐದು," ಎಂದಳು ಅವಳು ಮೆಲ್ಲಗೆ.

"ಐದು. ಮುಂಜಾನೆ ನಿಮ್ಮ ಮುಖ ನೋಡಿದೆ. ಅಕಿನ ಇಕಿ, ಮದುವಿ ಆದಾಕಿ... ಇನ್ನ ಯಾವ ನೆವಾ ಮಾಡಿ ಫೋನ್ ಹಚ್ಚಲಿ ಅಂತ ಎದಿ ಒಡದಂಗಾತು."

"ನನ್ನ ಮದುವಿ... ಆಗಿಲ್ರಿ. ಆ ಸಂಬಂಧ ಮಾತಿನಾಗ ಮುರೀತು."

ಅವನು ತಟ್ಟನೆ ತಲೆಯೆತ್ತಿದ.

ಈಗ ಅವಳು ಹೇಳಬೇಕಿತ್ತು. ಆದರೆ ಅಂಥದೇ ಮೇಜು, ಅದೇ ಹೆಬ್ಬೆರಳು. ನಾಲಿಗೆ ಮತ್ತೆ ಅಂಟಿಕೊಂಡಿತು. ಕಾಲು ಬಾಗಿಲ ಕಡೆ ತಿರುಗಿತು.

ವಿವೇಕ ಪೆನ್ನಿಗೆ ಮುಚ್ಚಳ ಹಾಕಿದ. ಪಕ್ಕಕ್ಕಿಟ್ಟ. ಸುಮ್ಮನೆ ಕುಳಿತ.

ಅವಳು ಓಡಲಿಲ್ಲ.

"ನನಗ ಅಂಜಿಕಿ ಆಗತೈತ್ರಿ."

"ಆಗ್ಲಿ. ನಾ ಇಲ್ಲೇ ಇರ್ತೀನಿ."

"ನಾಳಿಂದ ನಿಮ್ಮ ಫೋನ್ ಬರೂದಿಲ್ಲ ಅಂತ..." ಅವಳ ಕಣ್ಣು ತುಂಬಿತು. "ಉಳಿದ ಅಂಜಿಕಿ ಎಲ್ಲಾ ತಡ್ಕೋತೀನ್ರಿ. ಇದೊಂದು ನನ್ನಿಂದ ಆಗೂದಿಲ್ಲ."

ಅವನು ಒಂದು ಖಾಲಿ ಅರ್ಜಿಯನ್ನು ಅವಳ ಮುಂದೆ ಸರಿಸಿದ. ಅವಳು ಹತ್ತು ಅಂಕಿ ಬರೆದಳು.

"ಇದು ಯಾರ ನಂಬರ್ರಿ?"

"ನಂದ."

ಮರುಕ್ಷಣ ಅವಳ ಚೀಲದೊಳಗೆ ಫೋನು ರಿಂಗಾಯಿತು. ಲಕ್ಕಪ್ಪ ಬಾಗಿಲಲ್ಲಿ ಇಣುಕಿದ. "ಮೇಡಂ, ಫೋನ್ ಬಡಕೊಳ್ಳಾಕತ್ತೈತಿ. ಎತ್ರಿ!"

ಅವಳು ಎತ್ತಿ ಕಿವಿಗಿಟ್ಟಳು. ಮೇಜಿನ ಆಚೆ ಅವನೂ ಕಿವಿಗಿಟ್ಟುಕೊಂಡಿದ್ದ.

"ಮತ್ತ?" ಎಂದ ಅವನು.

"ಮತ್ತೇನಿಲ್ರಿ."

ಇಬ್ಬರೂ ಫೋನ್ ಇಡಲಿಲ್ಲ.